ನಲವತ್ತನಾಲ್ಕನೆಯ ಮನೆ

ಇಬ್ರಿ ದಾಟಿ ಡಾಂಬರು ಮುಗಿದಲ್ಲಿ
ಗುಲ್‌ಜಮೀರ್ ಗಾಡಿ ನಿಲ್ಲಿಸಿ, ಸೀಟು ಹಿಂದಕ್ಕೆ ಬಾಗಿಸಿ
ಟೋಪಿ ಮುಖಕ್ಕೆಳೆದುಕೊಂಡ.
ನನ್ನ ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ, ಒಂದು ಬ್ರಶ್ಶು,
ಹಲಗೆಗೆ ಸಿಕ್ಕಿಸಿದ ಫಾರಮ್ಮು:
ಮನೆ ಸಂಖ್ಯೆ. ಗೋಡೆ. ಛಾವಣಿ. ಬಾಗಿಲು. ಷರಾ.
ಹೊಸ ರಸ್ತೆ ಈ ಹಾಳೂರಿನ ಮೇಲೆ ಹಾಯುವುದೋ
ಬದಿಗೆ ಸರಿಯುವುದೋ
ಮಸ್ಕತ್ತಿನಲ್ಲಿ ಯಾರೋ ತೀರ್ಮಾನಿಸುತ್ತಾರೆ.
ನನ್ನ ಕೆಲಸ ಎಣಿಸುವುದು.

ಎಣಿಸಿದೆ.
ಒಂದಕ್ಕೆ ಗೋಡೆ ಮೂರು. ಎರಡಕ್ಕೆ ಒಂದೂವರೆ.
ಐದರ ಜಂತಿ ಖರ್ಜೂರದ ಕಾಂಡ; ಗೆದ್ದಲು ತಿಂದು ಬಿಟ್ಟದ್ದು
ಮುಟ್ಟಿದರೆ ನಶ್ಯದಂತೆ ಉದುರುತ್ತದೆ.
ಒಂಬತ್ತರ ದೀಪದ ಗೂಡಿನಲ್ಲಿ ಮಸಿ ಇನ್ನೂ ಜಿಡ್ಡು.
ಬಾಗಿಲು ಮಾತ್ರ ಯಾವುದಕ್ಕೂ ಇಲ್ಲ.
ಬಾಗಿಲು, ಇಲ್ಲ. ಬಾಗಿಲು, ಇಲ್ಲ.
ಬರೆದೂ ಬರೆದೂ ಕೊನೆಗೆ ಬರಿ ಗೀಟು ಎಳೆದೆ.

ಮೂರು ಆಡು ಅಟ್ಟಿಕೊಂಡು ಬಂದ ಮುದುಕ ಖಲ್ಫಾನ್
ನಾನು ಕೇಳದಿದ್ದರೂ ಹೇಳಿದ:
ಯುದ್ಧವಲ್ಲ, ರೋಗವಲ್ಲ. ನೀರು ಇಳಿಯಿತು.
ಫಲಜಿನ ಕಾಲುವೆ ಪಾಳಿಯ ಮೇಲೆ ಹರಿಯುತ್ತಿತ್ತು,
ಹಗಲು ನೆರಳು ಅಳೆದು, ರಾತ್ರಿ ಚುಕ್ಕಿ ನೋಡಿ
ಒಬ್ಬೊಬ್ಬರ ತೋಟಕ್ಕೆ.
ಒಂದು ಬೇಸಗೆ ಅವನಪ್ಪನ ಪಾಳಿಯ ಚುಕ್ಕಿ ಮೂಡಿತು,
ನೀರು ಬರಲಿಲ್ಲ.
ಬಾಗಿಲು ಕಿತ್ತು ಕತ್ತೆಯ ಮೇಲೆ ಹೇರಿ
ಪಂಪು ಇದ್ದ ಕಡೆ ಹೋದರು.
ಮರ ತುಟ್ಟಿ. ಮಣ್ಣು ಎಲ್ಲಿ ಹೋದರೂ ಸಿಗುತ್ತದಲ್ಲ?

ಅದು ನನಗೆ ಗೊತ್ತು. ನಮ್ಮಪ್ಪ ಇಂಡಿ ತಾಲೂಕಿನಲ್ಲಿ
ಊರವರ ಮಾಳಿಗೆಗೆ ಕರಲು ಮಣ್ಣು ಹೊದಿಸುತ್ತಿದ್ದವನು;
ಹೊಟ್ಟು ಕಲಸಿ ವಾರಗಟ್ಟಲೆ ಕೊಳೆಹಾಕಿದ ಕೆಸರನ್ನು
ಮೂಸಿ ನೋಡಿಯೇ ಹದ ಹೇಳುವನು.
ಹನ್ನೆರಡರ ಗೋಡೆಯಿಂದ ಒಂದು ಹೆಂಟೆ ಎತ್ತಿ
ಬಾಟಲಿ ನೀರು ಸುರಿದು ಮೂಗಿಗೆ ಹಿಡಿದೆ.
ಹೊಟ್ಟು ಬೇರೆ. ಹದ ನಮ್ಮದೇ.
ಖಲ್ಫಾನ್ ನಕ್ಕ: ಹಸಿವಾಯಿತೇ?

ಹದಿನೇಳರಲ್ಲಿ ಕಿಟಕಿಯಿಲ್ಲದ ಕೋಣೆ,
ನೆಲದ ತುಂಬ ಗಾರೆಯ ದಿಂಡುಗಳು,
ನಡುವೆ ಬೆರಳಗಲದ ಗೀರು, ಕೊನೆಗೊಂದು ಕುಣಿ.
ಷರಾದಲ್ಲಿ 'ಚರಂಡಿ' ಎಂದು ಬರೆದೆ.
ಏನು ಬರೆದೆ, ಓದು ಅಂದ. ಹರಕು ಅರಬ್ಬಿಯಲ್ಲಿ ಓದಿದೆ.
ಮುಖ ಗಂಟಿಕ್ಕಿದ.
ಖರ್ಜೂರದ ಚೀಲ ಸೂರಿನತನಕ ಪೇರಿಸಿದರೆ
ತಮ್ಮ ಭಾರಕ್ಕೆ ತಾವೇ ಒಸರಿ
ಪಾಕ ಈ ಗೀರುಗಳಲ್ಲಿ ಹರಿದು ಬಂದು
ಕುಣಿಯ ಹರವಿ ತುಂಬುತ್ತಿತ್ತಂತೆ.
ರಾತ್ರಿ ಮಕ್ಕಳು ಕಳ್ಳಹೆಜ್ಜೆಯಲ್ಲಿ ಬಂದು ಬೆರಳು ಅದ್ದುತ್ತಿದ್ದರಂತೆ.
ಎಪ್ಪತ್ತು ದಾಟಿದ ತೋರುಬೆರಳನ್ನು
ಒಣ ಗೀರಿನಲ್ಲಿ ಉದ್ದಕ್ಕೆ ಎಳೆದ,
ಧೂಳು ನೋಡಿದ, ಅಂಗಿಗೆ ಒರೆಸಿಕೊಂಡ.
ಚರಂಡಿ ಹೊಡೆದುಹಾಕಿದೆ.
'ಸಿಹಿ' ಎಂದು ಬರೆದರೆ ಇಂಜಿನಿಯರು ಬೈಯುತ್ತಾನೆ;
'ಪಾಕದ ಕೋಣೆ' ಎಂದು ಬರೆದೆ.

ನಲವತ್ತಮೂರಕ್ಕೆ ಊರು ಮುಗಿಯಿತು. ಡಬ್ಬಿ ಮುಚ್ಚಿದೆ.
ಇನ್ನೊಂದಿದೆ, ಅಂದ.
ಇಳಿಜಾರಿನ ಕೆಳಗೆ, ಗಾಫ್ ಮರದ ಆಚೆ
ನನಗೆ ಕಂಡದ್ದು ಬಯಲು.
ನಾಲ್ಕಾರು ಕಲ್ಲು, ಆಡಿನ ಹಿಕ್ಕೆ,
ತುಕ್ಕು ಹಿಡಿದ ಹಾಲಿನಪುಡಿ ಡಬ್ಬ.
ಗೋಡೆಯಿಲ್ಲದೆ ಅಂಕಿ ಎಲ್ಲಿ ಬರೆಯಲಿ, ಅಜ್ಜಾ?
ಅವನು ಉತ್ತರ ಕೊಡಲಿಲ್ಲ. ಆಡು ಬಿಟ್ಟು ನಡೆದ.
ಎರಡು ಕಲ್ಲಿನ ನಡುವೆ ಬಂದಾಗ
ತಲೆ ತಗ್ಗಿಸಿ, ಬೆನ್ನು ಬಾಗಿಸಿ,
ಬಲಗಾಲು ಮೊದಲಿಟ್ಟು ದಾಟಿದ.
ಮೇಲೆ ಆಕಾಶ ಬಿಟ್ಟರೆ ಏನೂ ಇರಲಿಲ್ಲ.
ನಾನು ಅವನಿಗಿಂತ ಗೇಣು ಉದ್ದ.
ಇನ್ನಷ್ಟು ಬಗ್ಗಿ ಹೊಕ್ಕೆ.

ಗಾಡಿಯ ಹಾರ್ನು ಎರಡು ಸಲ ಕೂಗಿತು.
ಹೊಸ್ತಿಲ ಕಲ್ಲಿಗೆ ಅಂಕಿ ಬರೆದು
ಮೊಣಕಾಲ ಮೇಲೆ ಹಲಗೆ ಇಟ್ಟು ತುಂಬಿದೆ:
ಗೋಡೆ, ಇಲ್ಲ. ಛಾವಣಿ, ಇಲ್ಲ.
ಬಾಗಿಲು, ಇದೆ. ಗಿಡ್ಡ.